ಮನೆಯಲ್ಲಿ ಕಟ್ಟಿದ ವಿಮಾನ: ಬಿದ್ದರೆ ಹೊಣೆ ಯಾರದು?

(ಸಂಘದ ಉಚಿತ ವಾಚನಾಲಯದ ಆಶ್ರಯದಲ್ಲಿ ಪುಣೆಯಲ್ಲಿ ಮಾಡಿದ ಭಾಷಣ)



ಈ ವಿಷಯವನ್ನು ನಾನಾಗಿ ಆರಿಸಿಕೊಳ್ಳಲಿಲ್ಲ, ಅದೇ ನನ್ನನ್ನು ಹುಡುಕಿಕೊಂಡು ಬಂತು. ನಮ್ಮ ವಾಚನಾಲಯಕ್ಕೆ ತಪ್ಪದೆ ಬರುವ ತರುಣನೊಬ್ಬನಿದ್ದಾನೆ. ಚಿಂಚವಡದ ಕಾರಖಾನೆಯೊಂದರಲ್ಲಿ ಇಂಜಿನಿಯರು. ಇಬ್ಬರು ಗೆಳೆಯರನ್ನು ಕೂಡಿಕೊಂಡು, ಪರದೇಶದಿಂದ ಭಾಗಗಳನ್ನು ತರಿಸಿ, ಎರಡು ಆಸನದ ಸಣ್ಣ ವಿಮಾನವೊಂದನ್ನು ಕಟ್ಟುತ್ತಿದ್ದಾನೆ. ರೆಕ್ಕೆಗಳ ಕೆಲಸ ಮುಗಿದಿದೆ, ಇಂಜಿನು ಬರಬೇಕು. ಹೋದ ತಿಂಗಳು ಅವನ ತಾಯಿ, ಧಾರವಾಡದ ಕಡೆಯವರು, ಪತ್ರಿಕೆಗಳ ಮೇಜಿನ ಬಳಿ ನನ್ನನ್ನು ನಿಲ್ಲಿಸಿ ಕೇಳಿದರು: “ಏನ್ರೀ, ನೀವು ವಿಮಾ ಕಚೇರಿಯಾಗ ಇದ್ದವರು. ಇಂವಾ ಕಟ್ಟಿದ ವಿಮಾನ ಯಾರ ಮ್ಯಾಲರೆ ಬಿದ್ದರ ನಮ್ಮ ಮನೀನೂ ಹೋಗ್ತದಂತ. ಖರೇ ಏನು?” ಮಗ ಪಕ್ಕದಲ್ಲೇ ನಿಂತು ನಗುತ್ತಿದ್ದ. “ಕಾಕಾ, ಅವ್ವಗ ತಿಳಿಸಿ ಹೇಳ್ರಿ. ವಿಮಾ ಇಳಿಸಿದರ ಮುಗೀತು” ಎಂದ.

ತಾಯಿಯ ಪ್ರಶ್ನೆಗೂ ಮಗನ ಸಮಾಧಾನಕ್ಕೂ ಆ ದಿನ ನಿಂತ ಕಾಲಲ್ಲಿ ಉತ್ತರ ಕೊಡಲಾಗಲಿಲ್ಲ. ಇಬ್ಬರೂ ಇಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ನನಗೆ ವಿಮಾನ ಹಾರಿಸಲು ಬಾರದು. ಹೊಣೆಯ ಕಾಗದಗಳನ್ನು ಓದುವುದರಲ್ಲೇ ಆಯುಷ್ಯ ಕಳೆದವನು. ಆದ್ದರಿಂದ ರೆಕ್ಕೆಯ ಮಾತನ್ನು ಅವನಿಗೆ ಬಿಟ್ಟು, ಕಾಗದದ ಮಾತನ್ನಷ್ಟೇ ಆಡುತ್ತೇನೆ.

ವಿಮಾನವನ್ನು ಕೈಯಾರೆ ಕಟ್ಟುವುದು ಹುಚ್ಚು ಎಂದು ಯಾರೂ ತಿಳಿಯಬೇಕಾಗಿಲ್ಲ. ಮೊದಲು ಎಲ್ಲ ವಿಮಾನಗಳೂ ಹಾಗೆಯೇ ಹುಟ್ಟಿದವು. ರೈಟ್ ಸೋದರರು ಸೈಕಲ್ ಅಂಗಡಿಯವರು. ನಮ್ಮ ಮೈಸೂರಿನ ಎಸ್. ವಿ. ಸೆಟ್ಟಿಯವರು ೧೯೧೧-೧೨ರಲ್ಲಿ ಇಂಗ್ಲೆಂಡಿನ ಎ. ವಿ. ರೋ ಅವರ ಕಾರಖಾನೆಯಲ್ಲಿ ದುಡಿದಾಗ ವಿಮಾನವೆಂದರೆ ಮರ, ಬಟ್ಟೆ, ತಂತಿ. ಕಾಯಿದೆಯೂ ಬೇಗನೆ ಬೆನ್ನಟ್ಟಿ ಬಂತು. ೧೯೧೧ರ ಫೆಬ್ರವರಿ ೧೮ರಂದು ಅಲಹಾಬಾದಿನಿಂದ ನೈನಿಗೆ ಟಪಾಲು ಹೊತ್ತ ವಿಮಾನ ಹಾರಿತು. ಅದೇ ವರ್ಷ ಹಿಂದುಸ್ಥಾನದ ಮೊದಲ ವಿಮಾನ ಕಾಯಿದೆ ಬಂತು. ಹೊಸ ಯಂತ್ರ ಹಾರಿದ ವರ್ಷವೇ ಅದನ್ನು ಹಿಡಿಯುವ ಕಾಯಿದೆ! ಸರ್ಕಾರಗಳು ಇಷ್ಟು ಚುರುಕಾಗಿ ನಡೆದುಕೊಂಡ ಸಂದರ್ಭಗಳು ವಿರಳ.

ನಮ್ಮ ಕಾಲದ ಉದಾಹರಣೆ ಬೇಕಾದರೆ ದೂರ ಹೋಗಬೇಕಿಲ್ಲ. ಮುಂಬಯಿಯ ಕಾಂದಿವಲಿಯಲ್ಲಿ ಕ್ಯಾಪ್ಟನ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯ ಮೇಲೆ ಆರು ಆಸನದ ವಿಮಾನ ಕಟ್ಟಿದರು. ೨೦೧೬ರ ಫೆಬ್ರವರಿಯಲ್ಲಿ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ಜನ ಅದನ್ನು ನೋಡಿ ಬೆರಗಾದರು. ಕಟ್ಟಿದ್ದಕ್ಕಿಂತ ಕಷ್ಟದ ಕೆಲಸ ಮುಂದಿತ್ತು. ೨೦೧೭ರ ನವೆಂಬರಿನಲ್ಲಿ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ., ಅದಕ್ಕೆ ವಿಟಿ-ಎನ್‌ಎಂಡಿ ಎಂಬ ನೋಂದಣಿ ಕೊಟ್ಟಿತು. ಹಾರಾಟದ ಪರವಾನಗಿ ಬಂದದ್ದು ೨೦೧೯ರಲ್ಲಿ, ಧುಳೆಯಲ್ಲಿ ಹಾರಿದ್ದು ೨೦೨೦ರಲ್ಲಿ. ಪತ್ರಿಕೆಗಳು ಈ ವಿಳಂಬವನ್ನು ಕಚೇರಿಯ ಕೆಂಪು ಪಟ್ಟಿಯೆಂದು ಬರೆದವು. ಅದರಲ್ಲಿ ಸತ್ಯಾಂಶ ಇದ್ದೀತು. ಆದರೆ ಪರವಾನಗಿಗೆ ರುಜು ಹಾಕುವ ಅಧಿಕಾರಿಯ ಮುಂದಿನ ಪ್ರಶ್ನೆಯನ್ನೂ ನೋಡಬೇಕು. ಕಾರಖಾನೆಯಲ್ಲಿ ಆದ ವಿಮಾನದ ಹಿಂದೆ ವಿನ್ಯಾಸಗಾರ, ತಯಾರಕ, ದುರಸ್ತಿಗಾರ, ಒಡೆಯ, ಚಾಲಕ ಎಂದು ಐದು ಜನ ಇರುತ್ತಾರೆ; ಐವರ ಹಿಂದೆಯೂ ಒಂದೊಂದು ವಿಮಾ ಕಂಪನಿ ಇರುತ್ತದೆ. ಅಪಘಾತವಾದರೆ ಅವರು ಹೊಣೆಯನ್ನು ಒಬ್ಬರ ಮೇಲೊಬ್ಬರು ಹಾಕಿ, ಕೊನೆಗೆ ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟು ಮುಗಿಸುತ್ತಾರೆ. ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಆ ಐವರೂ ಒಬ್ಬನೇ. ತಪ್ಪು ರೇಖೆಯಲ್ಲಿರಲಿ, ಬೆಸುಗೆಯಲ್ಲಿರಲಿ, ಕಾಲಕಾಲದ ತಪಾಸಣೆಯಲ್ಲಿರಲಿ, ಹಾರಿಸಿದ ರೀತಿಯಲ್ಲಿರಲಿ, ಬೆರಳು ತಿರುಗಿ ಅವನ ಕಡೆಗೇ ಬರುತ್ತದೆ. ನಮ್ಮ ತರುಣನಿಗೆ ನಾನು ಮೊದಲು ಹೇಳಬೇಕಾದ ಮಾತು ಇದು.

ಇನ್ನು ಆ ಬೆರಳು ಯಾರ ಕೈಯದು? ಕೆಳಗಿದ್ದವನದು, ಪಕ್ಕದಲ್ಲಿ ಕುಳಿತವನ ಮನೆಯವರದು, ನಾಳೆ ಆ ವಿಮಾನವನ್ನು ಕೊಂಡವನದು.

ಕೆಳಗಿದ್ದವನಿಂದ ಆರಂಭಿಸೋಣ. ೨೦೨೨ರ ಜುಲೈಯಲ್ಲಿ ನಮ್ಮ ಜಿಲ್ಲೆಯ ಇಂದಾಪುರ ತಾಲೂಕಿನ ಕಡಬನವಾಡಿಯಲ್ಲಿ ತರಬೇತಿ ವಿಮಾನವೊಂದು ಹೊಲಕ್ಕೆ ಬಿತ್ತು. ಹಾರಿಸುತ್ತಿದ್ದ ಹುಡುಗಿ ಬದುಕಿ ಉಳಿದಳು. ೨೦೨೩ರ ಮೇ ಕೊನೆಯಲ್ಲಿ ಬೆಳಗಾವಿಯ ಸಾಂಬ್ರಾದಿಂದ ಎದ್ದ ಇನ್ನೊಂದು ತರಬೇತಿ ವಿಮಾನ ಹೊನ್ನಿಹಾಳದ ಹೊಲದಲ್ಲಿ ಇಳಿಯಬೇಕಾಯಿತು. ಇವೆರಡೂ ಕಾರಖಾನೆಯ ವಿಮಾನಗಳು, ಶಾಲೆಗಳ ಸ್ವತ್ತು. ಅಂಥವುಗಳಿಗೂ ಕೊನೆಗೆ ಆಸರೆಯಾದದ್ದು ರೈತನ ಹೊಲ. ಆ ಹೊಲದಲ್ಲಿ ಆಗ ಒಬ್ಬ ಹೆಣ್ಣುಮಗಳು ಕಳೆ ಕೀಳುತ್ತಿದ್ದಳೆಂದು ಊಹಿಸಿ. ಅವಳಿಗೆ ಕಾಯಿದೆ ಏನು ಕೊಡುತ್ತದೆ?

ಅವಳಿಗೆ ಲಾರಿ ಬಡಿದಿದ್ದರೆ ದಾರಿ ಸಲೀಸು. ೧೯೮೮ರ ಮೋಟಾರು ವಾಹನ ಕಾಯಿದೆಯ ೧೪೬ನೆಯ ಕಲಮಿನಂತೆ ಮೂರನೆಯ ವ್ಯಕ್ತಿಯ ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ತಪ್ಪು ಯಾರದೆಂದು ಕೇಳದೆಯೇ ಸಾವಿಗೆ ಐದು ಲಕ್ಷ, ಭಾರಿ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಕೊಡಬೇಕೆಂದು ೧೬೪ನೆಯ ಕಲಮು ಹೇಳುತ್ತದೆ. ಕೇಳಲು ಪ್ರತ್ಯೇಕ ನ್ಯಾಯಮಂಡಳಿ ಇದೆ. ಅದೇ ಹೆಣ್ಣುಮಗಳ ಮೇಲೆ ವಿಮಾನ ಬಿದ್ದರೆ? ೧೯೩೪ರ ವಿಮಾನ ಕಾಯಿದೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ೧೪೬ರಂಥ ಕಲಮು ಸಿಗುವುದಿಲ್ಲ. ಸಿಗುವುದು ೧೭ನೆಯ ಕಲಮು. ಗಾಳಿ, ಹವೆ, ಸಂದರ್ಭ ಇವನ್ನೆಲ್ಲ ನೋಡಿ ಯುಕ್ತವೆನಿಸುವ ಎತ್ತರದಲ್ಲಿ ವಿಮಾನ ಹಾರಿದರೆ, ಹಾರಿದ ಮಾತ್ರಕ್ಕೇ ನೆಲದ ಒಡೆಯ ಅತಿಕ್ರಮದ ದಾವೆಯನ್ನಾಗಲಿ ಉಪದ್ರವದ ದಾವೆಯನ್ನಾಗಲಿ ಹೂಡಕೂಡದು ಎಂದು ಅದರ ತಾತ್ಪರ್ಯ. ಇದೇನೂ ಅನ್ಯಾಯವಲ್ಲ. ಪ್ರತಿ ಹೊಲದವನೂ ಆಕಾಶಕ್ಕೆ ಬೇಲಿ ಹಾಕಿದರೆ ಪುಣೆಯಿಂದ ಹುಬ್ಬಳ್ಳಿಗೆ ವಿಮಾನ ಹೋಗುವುದೆಂತು?

ಆದರೆ ಈ ಕಲಮಿಗೆ ಒಂದು ಪೂರ್ವಕಥೆ ಇದೆ. ಇಂಗ್ಲೆಂಡಿನ ೧೯೨೦ರ ಕಾಯಿದೆ ಅಲ್ಲಿಯ ಭೂಮಾಲಿಕರಿಂದ ಇದೇ ಹಕ್ಕನ್ನು ಕಿತ್ತುಕೊಂಡಿತು. ಕಿತ್ತುಕೊಂಡದ್ದಕ್ಕೆ ಪ್ರತಿಯಾಗಿ ಅದೇ ಕಲಮಿನಲ್ಲಿ ಒಂದು ಹಕ್ಕು ಕೊಟ್ಟಿತು: ವಿಮಾನದಿಂದ ಅಥವಾ ವಿಮಾನದಿಂದ ಬಿದ್ದ ವಸ್ತುವಿನಿಂದ ನೆಲದ ಮೇಲಿನ ಜನಕ್ಕೋ ಆಸ್ತಿಗೋ ಹಾನಿಯಾದರೆ, ಅಲಕ್ಷ್ಯವನ್ನು ರುಜುವಾತು ಮಾಡದೆಯೇ ಒಡೆಯನಿಂದ ಪರಿಹಾರ ಪಡೆಯಬಹುದು. ಕೊಟ್ಟು ತೆಗೆದುಕೊಂಡ ವ್ಯವಹಾರ ಅದು. ನಮ್ಮ ೧೯೩೪ರ ಕಾಯಿದೆಯಲ್ಲಿ ತೆಗೆದುಕೊಂಡ ಅರ್ಧ ಬಂತು, ಕೊಟ್ಟ ಅರ್ಧ ಬರಲಿಲ್ಲ. ಈಗ ಆ ಕಾಯಿದೆಯ ಜಾಗದಲ್ಲಿ ೨೦೨೪ರ ಭಾರತೀಯ ವಾಯುಯಾನ ಅಧಿನಿಯಮ ಬಂದು, ೨೦೨೫ರ ಜನವರಿ ೧ರಿಂದ ಜಾರಿಯಲ್ಲಿದೆ. ಹಳೆಯದರ ಬಹುಭಾಗವನ್ನು ಹೊಸದರಲ್ಲಿ ಉಳಿಸಿಕೊಂಡಿದ್ದಾರೆ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಮದುವೆ ಮನೆಗಳಲ್ಲಿ ಫೋಟೋ ತೆಗೆಯುವ ಡ್ರೋನ್ ಯಂತ್ರಗಳನ್ನು ನೀವೆಲ್ಲ ಕಂಡಿದ್ದೀರಿ. ೨೦೨೧ರ ಡ್ರೋನ್ ನಿಯಮಗಳ ಪ್ರಕಾರ ಅವುಗಳ ಮೂರನೆಯ ವ್ಯಕ್ತಿಯ ವಿಮೆಗೂ ಪರಿಹಾರಕ್ಕೂ ಮೋಟಾರು ಕಾಯಿದೆಯೇ ಅನ್ವಯಿಸುತ್ತದೆ. ೨೫೦ ಗ್ರಾಮಿನವರೆಗಿನ ಅತಿ ಸಣ್ಣವುಗಳಿಗಷ್ಟೇ ವಿನಾಯಿತಿ. ಎಂದರೆ ಅರ್ಧ ಕಿಲೋ ತೂಗುವ ಡ್ರೋನು ಈ ಹೆಣ್ಣುಮಗಳ ತಲೆಗೆ ಬಡಿದರೆ ಅವಳಿಗೆ ಸಿದ್ಧವಾದ ದಾರಿಯಿದೆ. ಅರ್ಧ ಟನ್ನು ತೂಗುವ, ಮನುಷ್ಯರನ್ನು ಹೊತ್ತ ವಿಮಾನ ಬಿದ್ದರೆ ಅವಳು ದಿವಾಣಿ ನ್ಯಾಯಾಲಯದ ಮೆಟ್ಟಿಲೇರಿ, ಕೇಳಿದ ಮೊತ್ತಕ್ಕೆ ತಕ್ಕ ಶುಲ್ಕ ಕಟ್ಟಿ, ಅಲಕ್ಷ್ಯವನ್ನು ತಾನೇ ರುಜುವಾತು ಮಾಡಬೇಕು.

ಪೂರ್ತಿ ನಿರಾಶೆ ಬೇಡ. ಸರಿಯಾಗಿ ಕಟ್ಟಿ ಸರಿಯಾಗಿ ಹಾರಿಸಿದ ವಿಮಾನ ಸುಮ್ಮನೆ ಬೀಳುವುದಿಲ್ಲ, ಬಿದ್ದದ್ದೇ ಸಾಕ್ಷಿ ಎಂದು ಅವಳ ವಕೀಲರು ವಾದಿಸಬಹುದು. ನ್ಯಾಯಾಲಯಗಳು ಆ ಬಗೆಯ ವಾದವನ್ನು ಒಪ್ಪುವುದುಂಟು. ೧೮೬೮ರ ರೈಲ್ಯಾಂಡ್ಸ್ ಮೊಕದ್ದಮೆಯಿಂದ ಬಂದ ಕಠಿಣ ಹೊಣೆಯ ತತ್ವವಿದೆ. ದಿಲ್ಲಿಯ ಓಲಿಯಂ ಅನಿಲದ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಅಪಾಯಕಾರಿ ಉದ್ಯಮಗಳ ಮೇಲೆ ಹೊರಿಸಿದ ಸಂಪೂರ್ಣ ಹೊಣೆಯ ತತ್ವವೂ ಇದೆ. ಆದರೆ ಅದು ಲಾಭಕ್ಕಾಗಿ ನಡೆಸುವ ಉದ್ಯಮದ ಮಾತು. ರವಿವಾರದ ಹವ್ಯಾಸಕ್ಕೆ ಅದನ್ನು ಹೊಂದಿಸಲು ಒಳ್ಳೆಯ ವಕೀಲರೇ ಬೇಕು. ವಿಮಾನ ಅಪಘಾತದ ಸರ್ಕಾರಿ ತನಿಖೆಯಾದರೋ ಮುಂದಿನ ಅಪಘಾತವನ್ನು ತಡೆಯುವುದಕ್ಕಾಗಿ ನಡೆಯುತ್ತದೆಯೇ ಹೊರತು ಹೊಣೆಯನ್ನು ಹಂಚುವುದಕ್ಕಾಗಿ ಅಲ್ಲ. ಆದ್ದರಿಂದ ಅವಳ ಕೈಗೆ ಏನಾದರೂ ಬೇಗ ಬರಬೇಕಾದರೆ ಅದು ನಮ್ಮ ತರುಣ ಮೊದಲೇ ಇಳಿಸಿದ ವಿಮೆಯಿಂದಲೇ ಬರಬೇಕು. ಕಾಯಿದೆ ಕೇಳಲಿ ಬಿಡಲಿ, ಪರವಾನಗಿಯ ಷರತ್ತಿನಲ್ಲಿ ಇರಲಿ ಇಲ್ಲದಿರಲಿ, ಕೆಳಗಿನವರ ಮಟ್ಟಿನ ವಿಮೆಯಿಲ್ಲದೆ ಇಂಜಿನು ಚಾಲೂ ಮಾಡುವುದು ನನ್ನ ದೃಷ್ಟಿಯಲ್ಲಿ ಸಭ್ಯತೆಯಲ್ಲ.

ಎರಡನೆಯವನು ಪಕ್ಕದಲ್ಲಿ ಕುಳಿತ ಗೆಳೆಯ. “ಬಾರೋ, ಒಂದು ಸುತ್ತು ಹೋಗಿ ಬರೋಣ” ಎಂದು ಕರೆದರೆ ಯಾರು ಒಲ್ಲೆನೆಂದಾರು? ಟಿಕೆಟ್ಟು ಕೊಂಡು ವಿಮಾನ ಹತ್ತಿದವನಿಗೆ ೧೯೭೨ರ ವಾಯು ಸಾಗಣೆ ಕಾಯಿದೆ ರಕ್ಷಣೆ ಕೊಡುತ್ತದೆ. ೧೯೨೯ರ ವಾರ್ಸಾ ಒಪ್ಪಂದದ ಕಾಲದಿಂದ ಅದರ ಸೂತ್ರ ಒಂದೇ: ಬಾಡಿಗೆಗೆ ಒಯ್ದ ಪ್ರಯಾಣಿಕ, ಅಥವಾ ವಿಮಾನ ಸಾಗಣೆಯ ಸಂಸ್ಥೆಯೇ ಬಿಟ್ಟಿಯಾಗಿ ಒಯ್ದ ಪ್ರಯಾಣಿಕ. ಹವ್ಯಾಸಿಯ ಗೆಳೆಯ ಬಾಡಿಗೆ ಕೊಟ್ಟವನಲ್ಲ, ಹವ್ಯಾಸಿ ಸಂಸ್ಥೆಯಲ್ಲ. ಎರಡು ಬಾಗಿಲೂ ಮುಚ್ಚಿದವು. ಗೆಳೆಯ ಸತ್ತರೆ ಅವನ ಹೆಂಡತಿ ಮಕ್ಕಳಿಗೆ ಉಳಿಯುವುದು ೧೮೫೫ರ ಮಾರಕ ಅಪಘಾತಗಳ ಕಾಯಿದೆ. ಹೌದು, ಸಿಪಾಯಿ ದಂಗೆಗಿಂತ ಎರಡು ವರ್ಷ ಹಿಂದಿನದು. ರೈಲು ಕಾಣದ ಊರುಗಳೇ ಹೆಚ್ಚಾಗಿದ್ದ ಕಾಲದ್ದು. ಹೆಂಡತಿ, ಗಂಡ, ತಂದೆ ತಾಯಿ, ಮಕ್ಕಳು ಇವರ ಪರವಾಗಿ ದಾವೆ ಹೂಡಬಹುದು, ಆದರೆ ಸಾವಾದ ದಿನದಿಂದ ಎರಡು ವರ್ಷದೊಳಗೆ. ದುಃಖದಲ್ಲಿರುವ ಮನೆಗೆ ಎರಡು ವರ್ಷ ಎಷ್ಟು ಬೇಗ ಕಳೆಯುತ್ತದೆಂಬುದು ಅನುಭವಿಸಿದವರಿಗೆ ಗೊತ್ತು.

“ಹತ್ತುವ ಮೊದಲು ‘ನನ್ನ ಸ್ವಂತ ಜವಾಬ್ದಾರಿಯ ಮೇಲೆ’ ಎಂದು ರುಜು ಮಾಡಿಸಿಕೊಂಡರೆ?” ಎಂದು ತರುಣ ಕೇಳಿದ್ದ. ಅಂಥ ಚೀಟಿಗೆ ಬೆಲೆಯೇ ಇಲ್ಲವೆಂದು ಹೇಳಲಾರೆ. ಸತ್ತವನು ಬದುಕಿದ್ದರೆ ದಾವೆ ಹೂಡಬಹುದಿತ್ತೇ ಎಂಬುದರ ಮೇಲೆ ೧೮೫೫ರ ಕಾಯಿದೆ ನಿಂತಿರುವುದರಿಂದ ವಕೀಲರು ಆ ಚೀಟಿಯನ್ನು ಖಂಡಿತ ಎತ್ತಿ ತೋರಿಸುತ್ತಾರೆ. ನ್ಯಾಯಾಲಯ ಅದನ್ನು ಬಹಳ ಬಿಗಿಯಾಗಿ ಓದುತ್ತದೆ. ಹಾರಾಟದಲ್ಲಿ ಸಹಜವಾಗಿರುವ ಅಪಾಯಕ್ಕೆ ಗೆಳೆಯ ಒಪ್ಪಿದ್ದಾನು; ನೀನು ಬಿಗಿಯದೆ ಬಿಟ್ಟ ನಟ್ಟಿಗೆ ಅವನು ಒಪ್ಪಿದ್ದಾನೆಂದು ಹೇಳುವುದು ಕಷ್ಟ. ಇಷ್ಟಕ್ಕೂ ಆ ಚೀಟಿ ಗೆದ್ದಿತೆನ್ನಿ. ಗೆಳೆಯನ ವಿಧವೆಯ ಎದುರು ಅದನ್ನು ಹಿಡಿದು ನಿಲ್ಲುವ ಧೈರ್ಯ ಇವನಿಗಿದೆಯೆಂದು ನನಗೆ ತೋರುವುದಿಲ್ಲ.

ಇಲ್ಲೇ ಇನ್ನೊಂದು ಕಾಗದವನ್ನು ನೋಡಬೇಕು. ಜೀವ ವಿಮೆಯ ಪಾಲಿಸಿ ಇಲ್ಲಿರುವ ಎಲ್ಲರ ಮನೆಯಲ್ಲಿಯೂ ಇದೆ. ಅಪಘಾತದಲ್ಲಿ ಸತ್ತರೆ ಇಮ್ಮಡಿ ಹಣವೆಂಬ ಕಲಮನ್ನು ಬಹು ಮಂದಿ ಸಂತೋಷದಿಂದ ಓದಿ ಅಲ್ಲಿಗೇ ನಿಲ್ಲಿಸುತ್ತಾರೆ. ಅದರ ಕೆಳಗೆ ಅಪವಾದಗಳು ಸಣ್ಣ ಅಕ್ಷರದಲ್ಲಿರುತ್ತವೆ. ವಾಡಿಕೆಯಾಗಿ ಬರುವ ಅಪವಾದ ಇದು: ವಿಮಾನದಲ್ಲಿದ್ದಾಗ ಸತ್ತರೆ, ಸತ್ತವನು ಬರಿಯ ಪ್ರಯಾಣಿಕನಾಗಿರಬೇಕು; ವಿಮಾನ ಪ್ರಯಾಣಿಕರನ್ನು ಒಯ್ಯಲು ಅಧಿಕೃತವಾಗಿರಬೇಕು; ಸ್ಥಾಪಿತವಾದ ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಹಾರುತ್ತಿರಬೇಕು. ಇಲ್ಲವಾದರೆ ಇಮ್ಮಡಿ ಹಣವಿಲ್ಲ. ಹೊಲದ ಪಟ್ಟಿಯಿಂದ ಎದ್ದು ಒಂದು ಸುತ್ತು ಹಾಕಿ ಅಲ್ಲೇ ಇಳಿಯುವ ಮನೆಯ ವಿಮಾನ ಈ ಮೂರರಲ್ಲಿ ಎಷ್ಟನ್ನು ದಾಟೀತು, ನೀವೇ ಎಣಿಸಿ. ಹಾರಿಸುವವನಾದರೋ ಪ್ರಸ್ತಾವನೆಯ ಅರ್ಜಿಯಲ್ಲಿ ‘ವಿಮಾನ ಹಾರಿಸುತ್ತೀರಾ’ ಎಂಬ ಪ್ರಶ್ನೆಗೆ ಸತ್ಯವನ್ನೇ ಬರೆಯಬೇಕು. ಮೂರು ವರ್ಷ ಕಳೆದ ಮೇಲೆ ಪಾಲಿಸಿಯನ್ನು ಪ್ರಶ್ನಿಸಲಾಗದೆಂದು ವಿಮಾ ಕಾಯಿದೆಯ ೪೫ನೆಯ ಕಲಮು ಹೇಳುತ್ತದೆ ನಿಜ. ಆ ಮೂರು ವರ್ಷದೊಳಗೇ ಬಿದ್ದರೆ?

ಮೂರನೆಯವನು ಕೊಂಡವನು. ಕಟ್ಟಿದವರು ಕೆಲವು ವರ್ಷ ಹಾರಿಸಿ, ಮದುವೆಯಾಗಿ, ಮಾರುತ್ತಾರೆ. ಮಾರಿದ ಮೇಲೆ ಕೈ ತೊಳೆದುಕೊಂಡಂತೆ ಎಂದು ಭಾವಿಸುತ್ತಾರೆ. ೧೯೨೮ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನಲ್ಲಿ ಒಬ್ಬ ಹೆಂಗಸಿಗೆ ಅವಳ ಸ್ನೇಹಿತೆ ಜಿಂಜರ್ ಬಿಯರ್ ಕುಡಿಸಿದಳು. ಸೀಸೆಯಲ್ಲಿ ಕೊಳೆತ ಬಸವನಹುಳು ಇತ್ತೆಂದು ದೂರು. ಕೊಂಡವಳು ಸ್ನೇಹಿತೆ, ಮಾರಿದವನು ಅಂಗಡಿಯವನು. ಕುಡಿದವಳಿಗೂ ತಯಾರಕನಿಗೂ ಯಾವ ಕರಾರೂ ಇರಲಿಲ್ಲ. ಆದರೂ ತನ್ನ ವಸ್ತುವಿನಿಂದ ಯಾರಿಗೆ ಹಾನಿಯಾದೀತೆಂದು ತಯಾರಕ ಯೋಚಿಸಬಹುದೋ ಅವರ ಬಗ್ಗೆ ಅವನಿಗೆ ಹೊಣೆಯುಂಟು ಎಂದು ೧೯೩೨ರಲ್ಲಿ ತೀರ್ಪಾಯಿತು. ಸೀಸೆಗೆ ಬಂದ ನ್ಯಾಯ ವಿಮಾನಕ್ಕೂ ಬಂತು.

ಇದಕ್ಕೆ ಒಂದು ದುಃಖದ ನಿದರ್ಶನ ಅಮೆರಿಕದ್ದು. ಗಾಯಕ ಜಾನ್ ಡೆನ್ವರ್ ೧೯೯೭ರ ಅಕ್ಟೋಬರ್ ೧೨ರಂದು ಕ್ಯಾಲಿಫೋರ್ನಿಯದ ಸಮುದ್ರದಲ್ಲಿ ಬಿದ್ದು ಸತ್ತರು. ವಿಮಾನ ಬರ್ಟ್ ರೂಟಾನ್ ಹವ್ಯಾಸಿಗಳಿಗಾಗಿ ರಚಿಸಿದ ಲಾಂಗ್-ಈಜಿ ಎಂಬ ಮಾದರಿ. ಬೇರೊಬ್ಬರು ಮನೆಯಲ್ಲಿ ಕಟ್ಟಿದ್ದನ್ನು ಅವರು ಆಗ ತಾನೇ ಕೊಂಡಿದ್ದರು. ಇಂಧನದ ತೊಟ್ಟಿ ಬದಲಿಸುವ ಹಿಡಿಕೆಯನ್ನು ಕಟ್ಟಿದವರು ಮೂಲ ನಕ್ಷೆಯಂತೆ ಇಡದೆ ಚಾಲಕನ ಎಡ ಹೆಗಲಿನ ಹಿಂದೆ ಇಟ್ಟಿದ್ದರು. ಹಾರುತ್ತ ಹಿಂದಕ್ಕೆ ತಿರುಗಿ ಅದನ್ನು ಹಿಡಿಯಲು ಹೋದಾಗ ವಿಮಾನ ಕೈತಪ್ಪಿತೆಂದು ತನಿಖೆ ಹೇಳಿತು. ಆ ಮಾದರಿಯ ಅಭ್ಯಾಸ ಸಾಲದೆಂದೂ ಹೊರಡುವ ಮೊದಲು ಇಂಧನವನ್ನು ಸರಿಯಾಗಿ ನೋಡಲಿಲ್ಲವೆಂದೂ ಹೇಳಿತು. ಅವರ ವೈದ್ಯಕೀಯ ಅರ್ಹತಾ ಪತ್ರವೂ ಊರ್ಜಿತವಾಗಿರಲಿಲ್ಲ. ನಕ್ಷೆ ಒಬ್ಬರದು, ಕೈ ಇನ್ನೊಬ್ಬರದು, ಜೀವ ಮೂರನೆಯವರದು. ರೂಟಾನರು ಇಂಥ ಹೊಣೆಯ ಹೆದರಿಕೆಯಿಂದಲೇ ೧೯೮೫ರಲ್ಲಿ ನಕ್ಷೆ ಮಾರುವುದನ್ನು ನಿಲ್ಲಿಸಿಬಿಟ್ಟಿದ್ದರು. ಇದೇ ಲಾಂಗ್-ಈಜಿಯನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಕಟ್ಟಿ ೧೯೮೭ರಲ್ಲಿ ಹಾರಿಸಿದರು; ಆ ಪಾಠದಿಂದ ಮುಂದೆ ೧೯೯೩ರಲ್ಲಿ ‘ಹಂಸ’ ಹಾರಿತು. ಮಾದರಿ ಕೆಟ್ಟದೆಂದು ನಾನು ಹೇಳುತ್ತಿಲ್ಲ. ನಕ್ಷೆ ಬಿಟ್ಟು ಒಂದು ಹಿಡಿಕೆ ಸರಿಸಿದರೂ ಆ ಕ್ಷಣದಿಂದ ನೀನೇ ವಿನ್ಯಾಸಗಾರ. ಸರಿಸಿದ್ದನ್ನು ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿಡು, ಮಾರುವಾಗ ಬರವಣಿಗೆಯಲ್ಲಿ ತಿಳಿಸು.

ಈಗ “ವಿಮಾ ಇಳಿಸಿದರ ಮುಗೀತು” ಎಂಬ ಮಾತಿಗೆ ಬರೋಣ. ವಿಮಾನದ ವಿಮೆ ಒಂದೇ ಅಲ್ಲ. ವಿಮಾನದ ಒಡಲಿಗೆ ಒಂದು, ಕೆಳಗಿನವರ ಹೊಣೆಗೆ ಒಂದು, ಪ್ರಯಾಣಿಕನ ಹೊಣೆಗೆ ಒಂದು, ಚಾಲಕನ ಜೀವಕ್ಕೆ ಒಂದು. ಹವ್ಯಾಸಿ ಮೊದಲು ಕೇಳುವುದು ಒಡಲಿನ ವಿಮೆಯನ್ನು, ಏಕೆಂದರೆ ಅವನ ಪ್ರೀತಿಯೆಲ್ಲ ಅಲ್ಲಿದೆ. ನಾನು ಅವನಾಗಿದ್ದರೆ ಅದನ್ನು ಕೊನೆಗೆ ಇಡುತ್ತಿದ್ದೆ. ಒಡಲು ಹೋದರೆ ಅವನ ಉಳಿತಾಯ ಹೋಗುತ್ತದೆ. ಉಳಿದವುಗಳಿಲ್ಲದಿದ್ದರೆ ಇತರರ ಬದುಕು ಹೋಗುತ್ತದೆ. ಮೋಟಾರಿನ ಮೂರನೆಯ ವ್ಯಕ್ತಿಯ ವಿಮೆಗೆ ಇರುವಂತೆ ಇದಕ್ಕೆ ಸರ್ಕಾರ ಗೊತ್ತು ಮಾಡಿದ ದರವಿಲ್ಲ. ಪ್ರತಿ ವಿಮಾನವನ್ನೂ ಪ್ರತಿ ಚಾಲಕನನ್ನೂ ಬೇರೆಯಾಗಿ ನೋಡಿ ದರ ಹೇಳುತ್ತಾರೆ, ಒಲ್ಲೆವೆಂದೂ ಹೇಳಬಹುದು. ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನ ಸಾಮಾನ್ಯವಾಗಿ ಮೊದಲ ೨೫ ಅಥವಾ ೪೦ ಗಂಟೆ ಪ್ರಯಾಣಿಕರಿಲ್ಲದೆ, ಗೊತ್ತುಪಡಿಸಿದ ಪ್ರದೇಶದಲ್ಲೇ ಹಾರಬೇಕು. ವಿಮೆಯವರ ಭಯವೂ ಆ ಮೊದಲ ಗಂಟೆಗಳ ಬಗ್ಗೆಯೇ ಹೆಚ್ಚು.

ಪಾಲಿಸಿ ಕೈಗೆ ಬಂದ ಮೇಲೂ ಅದು ಷರತ್ತಿನ ದಾರದಲ್ಲಿ ತೂಗುತ್ತಿರುತ್ತದೆ. ಹೆಸರಿಸಿದ ಚಾಲಕನೇ ಹಾರಿಸಬೇಕು. ಅವನ ಲೈಸೆನ್ಸು, ವೈದ್ಯಕೀಯ ಪತ್ರ, ವಿಮಾನದ ಪರವಾನಗಿ ಮೂರೂ ಆ ದಿನ ಜೀವಂತವಾಗಿರಬೇಕು. ಇವುಗಳಲ್ಲಿ ಒಂದು ನಿನ್ನೆ ಮುಗಿದಿದ್ದರೆ ಪೂರ್ತಿ ವರ್ಷದ ಪ್ರೀಮಿಯಂ ಕಟ್ಟಿದ್ದೂ ವ್ಯರ್ಥವಾಗಬಹುದು. ಮೋಟಾರಿನಲ್ಲಿ ಹೀಗಾದರೂ ವಿಮಾ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಒಡೆಯನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಎಷ್ಟೋ ಸಲ ಆಜ್ಞೆ ಮಾಡಿವೆ. ವಿಮಾನದಲ್ಲಿ ಆ ಆಸರೆಯನ್ನು ನೆಚ್ಚಿ ಕೂಡಬಾರದು. ಇನ್ನು ಅಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ ೧೦೬ನೆಯ ಕಲಮಿನಲ್ಲಿ ಐದು ವರ್ಷದವರೆಗೆ ಸೆರೆಮನೆ. ಅದಕ್ಕೆ ಯಾವ ಕಂಪನಿಯೂ ವಿಮೆ ಕೊಡುವುದಿಲ್ಲ.

ತಾಯಿಯವರ ಪ್ರಶ್ನೆ ಉಳಿಯಿತು. ಮನೆ ಅವರ ಹೆಸರಿನಲ್ಲಿದ್ದು ಅವರದೇ ಸ್ವತ್ತಾಗಿದ್ದರೆ, ಪ್ರಾಯಕ್ಕೆ ಬಂದ ಮಗ ಮಾಡಿದ ಹಾನಿಗಾಗಿ ಅದನ್ನು ಯಾರೂ ಮುಟ್ಟುವಂತಿಲ್ಲ. ಅವಿಭಕ್ತ ಕು‌ಟುಂಬದ ಮನೆಯಾಗಿದ್ದರೆ ಮಗನ ಪಾಲಿಗೆ ಜಪ್ತಿ ಬರಬಹುದು. ಮಗನೂ ಆ ಅಪಘಾತದಲ್ಲೇ ತೀರಿಹೋದರೆ ದಾವೆ ಅಲ್ಲಿಗೆ ಸಾಯುವುದಿಲ್ಲ, ವಾರಸುದಾರರ ಮೇಲೆ ಮುಂದುವರಿಯುತ್ತದೆ. ಆದರೆ ಅವರು ಕೊಡಬೇಕಾದದ್ದು ಅವನಿಂದ ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಅವನ ಭವಿಷ್ಯ ನಿಧಿಗೆ ಕಾಯಿದೆಯ ರಕ್ಷಣೆ ಇದೆ. ಮದುವೆಯಾದ ಮೇಲೆ ೧೮೭೪ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯ ೬ನೆಯ ಕಲಮಿನಂತೆ ಹೆಂಡತಿ ಮಕ್ಕಳ ಹಿತಕ್ಕಾಗಿ ಪಾಲಿಸಿ ಮಾಡಿಸಿದರೆ ಸಾಲಗಾರರು ಅದರ ಮೇಲೆ ಕೈ ಹಾಕುವಂತಿಲ್ಲ. ಅದು ಆ ಹೆಂಡತಿ ಮಕ್ಕಳ ನಂಬಿಕೆಯ ನಿಧಿ.

ತಾಯಿಯವರು ಕೇಳದ ಇನ್ನೊಂದು ಅಪಾಯವಿದೆ, ಅದು ಉಳಿದ ಇಬ್ಬರು ಗೆಳೆಯರದು. ೧೯೫೩ರಲ್ಲಿ ಇಂಗ್ಲೆಂಡಿನಲ್ಲಿ ಒಂದು ತೀರ್ಪಾಯಿತು. ಕಾರಿನ ಒಡೆಯ ತನ್ನ ಕಾರನ್ನು ಮಾಂಟೆ ಕಾರ್ಲೋಗೆ ತಲುಪಿಸಲು ಸ್ನೇಹಿತನಿಗೆ ಕೊಟ್ಟಿದ್ದ. ದಾರಿಯಲ್ಲಿ ಕಾರು ಬಸ್ಸಿಗೆ ಬಡಿಯಿತು. ಒಡೆಯ ಕಾರಿನಲ್ಲಿ ಇರಲಿಲ್ಲ, ಆದರೂ ಪ್ರಯಾಣದಲ್ಲಿ ಅವನ ಹಿತವೂ ಇದ್ದುದರಿಂದ ಅವನೂ ಹೊಣೆಗಾರನಾದ. ಮೂವರು ಸೇರಿ ಕಟ್ಟಿ, ಮೂವರ ಹೆಸರಿನಲ್ಲಿ ನೋಂದಣಿ ಮಾಡಿಸಿ, ಒಬ್ಬ ಪರೀಕ್ಷೆಗೆಂದು ಹಾರಿಸಿದಾಗ ಬಿದ್ದರೆ, ಮನೆಯಲ್ಲಿ ಮಲಗಿದ್ದ ಇಬ್ಬರಿಗೂ ಸಮನ್ಸು ಬರಬಹುದು. ಮೂವರೂ ಕುಳಿತು, ಯಾರು ಹಾರಿಸುವವರು, ಯಾರ ಹೆಸರು ಪಾಲಿಸಿಯಲ್ಲಿ, ಒಬ್ಬ ಬಿಟ್ಟುಹೋದರೆ ಏನು ಎಂಬುದನ್ನು ಸ್ಟಾಂಪು ಕಾಗದದ ಮೇಲೆ ಬರೆದುಕೊಳ್ಳಬೇಕು. ಇಂಜಿನು ಬರಲು ಇನ್ನೂ ಸಮಯವಿದೆಯಂತೆ. ಆ ಸಮಯ ಇದಕ್ಕೆ ಸಾಕು. ಕರಡು ಬರೆಯುವುದಿದ್ದರೆ ಬುಧವಾರ ಸಂಜೆ ನಾನು ಇದೇ ಮೇಜಿನ ಬಳಿ ಇರುತ್ತೇನೆ, ಮೂವರೂ ಬರಲಿ.